ಮುಚ್ಚಳಿಕೆ ಮತ್ತು ಮೂತ್ರಪರೀಕ್ಷೆ

ಜೈಲಿಗೆ ಕಳಿಸದೆ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಪರಾಧಿಗೆ ಅಮಲು ಮುಟ್ಟಬಾರದೆಂಬ ಷರತ್ತು ಹಾಕಲು 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯ ಕಲಂ 4 ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ಮುಟ್ಟಿಲ್ಲವೆಂದು ತಿಳಿಯುವುದು ಹೇಗೆಂದು ಮಾತ್ರ ಅಲ್ಲಿ ಬರೆದಿಲ್ಲ. ಅಮೆರಿಕದಲ್ಲಿ ಅದಕ್ಕೆ ಮುನ್ಸೂಚನೆಯಿಲ್ಲದ ಮೂತ್ರಪರೀಕ್ಷೆ ಉಂಟು. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಪ್ರೊಬೇಷನ್ ಅಧಿಕಾರಿಯ ಭೇಟಿ ಮತ್ತು ಮನೆಯವರ ಮಾತೇ ಆಧಾರ.

ಮಾದಕವಸ್ತು ಪ್ರಕರಣಗಳಲ್ಲಿ ದಾರಿ ಇನ್ನೂ ಕಿರಿದು. 1985ರ ಎನ್‌ಡಿಪಿಎಸ್ ಕಾಯ್ದೆಯ ಕಲಂ 33, ಹದಿನೆಂಟು ತುಂಬಿದವರಿಗೆ ಸೇವನೆಯಂಥ ಒಂದೆರಡು ಅಪರಾಧ ಬಿಟ್ಟರೆ ಪ್ರೊಬೇಷನ್ನೇ ಇಲ್ಲವೆನ್ನುತ್ತದೆ. ಕಲಂ 39 ತುಸು ಉದಾರ. ಸೇದಿ ಸಿಕ್ಕವನು, ಅಥವಾ ಅಲ್ಪ ಪ್ರಮಾಣ (ಗಾಂಜಾ ಆದರೆ ಒಂದು ಕಿಲೋವರೆಗೆ) ಇಟ್ಟುಕೊಂಡವನು ವ್ಯಸನಿಯಾಗಿದ್ದರೆ, ಅವನ ಒಪ್ಪಿಗೆಯ ಮೇಲೆ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರಕ್ಕೆ ಚಿಕಿತ್ಸೆಗೆ ಬಿಡಬಹುದು. ವರ್ಷದೊಳಗೆ ಅವನು ಚಿಕಿತ್ಸೆಯ ವರದಿಯೊಂದಿಗೆ ಹಾಜರಾಗಬೇಕು. ಅನಂತರ ಗರಿಷ್ಠ ಮೂರು ವರ್ಷದ ಮುಚ್ಚಳಿಕೆ. ಮೆಕ್ಕೆಜೋಳದ ಸಾಲಿನ ನಡುವೆ ಗಾಂಜಾ ಸೊಪ್ಪು ಬೆಳೆದವನಿಗೆ ಈ ರಿಯಾಯಿತಿ ಸಿಗುವುದಿಲ್ಲ. ದಿಢೀರ್ ಪರೀಕ್ಷೆಗೆ ಅರ್ಥ ಬರುವುದು ಈ ಚಿಕಿತ್ಸೆಯ ಅವಧಿಯಲ್ಲೇ.

ಪರೀಕ್ಷೆಯ ಪಟ್ಟಿ ಅಗ್ಗ, ಓದುವುದು ಕಷ್ಟ. ಪ್ರೊಬೇಷನ್ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಇದೇ. ಗಾಂಜಾದ ಅಂಶ ಮಿಲಿಲೀಟರಿಗೆ 50 ನ್ಯಾನೊಗ್ರಾಂ ಮುಟ್ಟಿದರೆ ಸಾಮಾನ್ಯವಾಗಿ ಪಾಸಿಟಿವ್. ಅಪರೂಪಕ್ಕೆ ಸೇದಿದವನಲ್ಲಿ ಅದು ಮೂರ್ನಾಲ್ಕು ದಿನಕ್ಕೆ ಇಳಿಯುತ್ತದೆ. ದಿನವೂ ಸೇದುತ್ತಿದ್ದವನ ಕೊಬ್ಬಿನಲ್ಲಿ ಅಡಗಿ ತಿಂಗಳಾದರೂ ಮೂತ್ರದಲ್ಲಿ ಇಣುಕೀತು. ಹಾಗಾಗಿ ನಿಜಕ್ಕೂ ಬಿಟ್ಟವನೂ ಮೊದಲ ವಾರಗಳಲ್ಲಿ ಸುಳ್ಳುಗಾರನಂತೆ ಕಾಣುತ್ತಾನೆ. ಎರಡು ಮಾದರಿಗಳನ್ನು, ಮೂತ್ರ ಎಷ್ಟು ತೆಳುವೆಂದು ತೋರಿಸುವ ಕ್ರಿಯಾಟಿನಿನ್ ಲೆಕ್ಕದೊಂದಿಗೆ ಹೋಲಿಸಿದರೆ ಮಟ್ಟ ಇಳಿಯುತ್ತಿದೆಯೇ, ಹೊಸದಾಗಿ ಏರಿದೆಯೇ ಗೊತ್ತಾಗುತ್ತದೆ. ನೀರು ಕುಡಿದು ಮಾದರಿ ತೆಳುಮಾಡಿದ್ದೂ ಅಲ್ಲೇ ಸಿಕ್ಕಿಬೀಳುತ್ತದೆ. ಮದುವೆಮನೆಯ ಗಸಗಸೆ ಪಾಯಸ ಇನ್ನೊಂದು ತೊಡಕು: ಗಸಗಸೆಯಲ್ಲಿ ಮಾರ್ಫಿನ್ ಲೇಶವಿದೆ. ಇದೇ ಕಾರಣಕ್ಕೆ ಅಮೆರಿಕ ಸರ್ಕಾರ 1998ರಲ್ಲಿ ತನ್ನ ನೌಕರರ ಪರೀಕ್ಷೆಯ ಅಫೀಮು ಮಿತಿಯನ್ನು 300ರಿಂದ 2000 ನ್ಯಾನೊಗ್ರಾಂಗೆ ಏರಿಸಿತು. ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಇಂಥದೇ ತೊಡಕು. ಪ್ರಯೋಗಾಲಯದ ದೃಢೀಕರಣವಿಲ್ಲದೆ ಪಟ್ಟಿಯ ಗೆರೆ ನಂಬಿ ಯಾರನ್ನೂ ಜೈಲಿಗೆ ಕಳಿಸುವುದು ಅನ್ಯಾಯ.

ಅಮೆರಿಕದ ಹವಾಯಿ ರಾಜ್ಯದ ನ್ಯಾಯಾಧೀಶ ಸ್ಟೀವನ್ ಆಲ್ಮ್ 2004ರಲ್ಲಿ ಆರಂಭಿಸಿದ ಹೋಪ್ ಯೋಜನೆಯಲ್ಲಿ ಪ್ರೊಬೇಷನ್‌ನಲ್ಲಿದ್ದವರು ನಿತ್ಯ ಫೋನ್ ಮಾಡಿ ಇಂದು ಪರೀಕ್ಷೆಗೆ ತಮ್ಮ ಸರದಿಯೇ ಎಂದು ಕೇಳಬೇಕಿತ್ತು. ತಪ್ಪಿದರೆ ಕೂಡಲೇ ಕೆಲವೇ ದಿನದ ಜೈಲು. ಅಲ್ಲಿ ಫಲ ಕಂಡಿತು, ಆದರೆ ಬೇರೆ ರಾಜ್ಯಗಳ ನಾಲ್ಕು ಕಡೆ ನಡೆಸಿದ ಪ್ರಯೋಗದ 2016ರ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಲ್ಲಿಗೆ ಅದನ್ನು ತರುವುದಾದರೆ, ಹೊಸದುರ್ಗದಿಂದ ದುರ್ಗಕ್ಕೆ ಕರೆದ ದಿನವೇ ಬರಬೇಕಾದ ಕೂಲಿಯವನ ಬಸ್ ಚಾರ್ಜು, ಕಳೆದ ಕೂಲಿ ಎರಡನ್ನೂ ಲೆಕ್ಕ ಹಿಡಿಯಬೇಕು. ಮಾದರಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಪಡೆದರೆ ಬರದವರು ಕಡಿಮೆಯಾದಾರು. ಷರತ್ತು ಮೊದಲ ಸಲ ಮುರಿದವನಿಗೆ ಮುಚ್ಚಳಿಕೆ ರದ್ದುಮಾಡದೆ ಐವತ್ತು ರೂಪಾಯಿವರೆಗೆ ದಂಡ ಹಾಕಿ ಬಿಡಲು 1958ರ ಕಾಯ್ದೆಯ ಕಲಂ 9 ಈಗಲೂ ಅವಕಾಶ ಕೊಡುತ್ತದೆ.