ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲು

ಅವ್ವ ಕೊಟ್ಟಿಗೆಯ ಮುಂದೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಎಂಟನೇ ದಿನ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ, ಅದರ ಕೆಳಗೆ ಕೊನೆಯ ಸಾಲು: 'ಫಿಸಿಯೋಥೆರಪಿ ಮಾಡಿಸುವುದು.' ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ, ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದು, ಎಲ್ಲಿ ಮಾಡಿಸಬೇಕು, ಒಂದೂ ಇರಲಿಲ್ಲ. ಚೀಟಿ ಹಿಡಿದು ಹುಣಸೂರಿಗೆ ಬಂದೆವು. ಮೂಳೆಗೆ ಹಾಕಿದ ರಾಡು ಕದಲೀತೆಂಬ ಹೆದರಿಕೆಯಲ್ಲಿ ಮೂರು ವಾರ ಅವ್ವನನ್ನು ಮಂಚದಿಂದ ಇಳಿಸಲೇ ಇಲ್ಲ. ತೊಡೆ ಸೊರಗಿತು, ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಎದ್ದಿತು. ನಡೆದಾಡಲು ಶುರುಮಾಡಬೇಕಿದ್ದ ದಿನಗಳೇ ಅವು ಎಂಬುದು ಆಮೇಲೆ ತಿಳಿಯಿತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ದೊಡ್ಡ ಆಪರೇಷನ್ ಅಂದರೆ ಮೈಸೂರು, ಕೆ.ಆರ್. ಆಸ್ಪತ್ರೆ, ಹೃದಯದ್ದಾದರೆ ಜಯದೇವ. ಆದರೆ ಮೈ ಸುಧಾರಿಸಬೇಕಾದದ್ದು ಊರಿನಲ್ಲಿ. ಆಪರೇಷನ್ನಿಗೆ ಪ್ಯಾಕೇಜ್ ಇದೆ, ಕೌಂಟರ್ ಇದೆ. ಆಮೇಲಿನ ತಿಂಗಳುಗಳಿಗೆ ಕೈಯಲ್ಲಿರುವುದು ಆ ಚೀಟಿ ಒಂದೇ. ಅದನ್ನು ಸರಿಯಾಗಿ ಬರೆಸಿಕೊಳ್ಳುವುದು ನಿಮ್ಮ ಹಕ್ಕು.

ಬಿಡುಗಡೆಗೆ ಮುಂಚೆಯೇ ಡಾಕ್ಟರನ್ನು ಕೇಳಿ: ವ್ಯಾಯಾಮದ ವಿವರ, ಎಷ್ಟು ವಾರ, ಯಾವ ಲಕ್ಷಣ ಕಂಡರೆ ತಕ್ಷಣ ವಾಪಸ್ ಬರಬೇಕು, ಮುಂದಿನ ಆರೈಕೆಗೆ ನಮ್ಮ ತಾಲ್ಲೂಕು ಆಸ್ಪತ್ರೆಗೆ ಒಂದು ಪತ್ರ. ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. ಆಮೇಲಿನ ತಿದ್ದುಪಡಿಯಲ್ಲಿ ಅದಕ್ಕೆ ರೋಗಿಗಳ ಹಕ್ಕುಪತ್ರ ಸೇರಿದೆ. ಚಿಕಿತ್ಸೆಯ ಮಾಹಿತಿ ಪಡೆಯುವ ಹಕ್ಕು ಅದರಲ್ಲಿದೆ. ಚೀಟಿ ಸಾಲದಿದ್ದರೆ ಪೂರ್ತಿ ದಾಖಲೆ ಕೇಳಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ ರೋಗಿಯೋ ಅಧಿಕೃತ ಸಂಬಂಧಿಯೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು. ನಾನು ಬಿಳಿ ಹಾಳೆಯಲ್ಲಿ ನಾಲ್ಕು ಸಾಲಿನ ಅರ್ಜಿ ಬರೆದು, ಜೆರಾಕ್ಸ್ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಆ ಸೀಲು ಬಿದ್ದ ಮೇಲೆಯೇ ಹೊಸ ಚೀಟಿ ಬಂತು: 'ವಾಕರ್ ಹಿಡಿದು ಅರ್ಧ ಭಾರ, ಆರು ವಾರ.' ಅವತ್ತು ಸಂಜೆಯೇ ಅವ್ವ ವಾಕರ್ ಹಿಡಿದು ಹೊಸ್ತಿಲವರೆಗೆ ಬಂದಳು.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದು: ಬಿಡುಗಡೆಯಾದ ಮೇಲಿನ 15 ದಿನದ ಔಷಧಿ, ತಪಾಸಣೆಯೂ ಪ್ಯಾಕೇಜಿಗೆ ಸೇರಿದೆ. ಆ ದಿನಗಳಲ್ಲಿ ಡ್ರೆಸಿಂಗಿಗೋ ಮಾತ್ರೆಗೋ ದುಡ್ಡು ಕೇಳಿದರೆ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಕಾಣಿ, 104ಕ್ಕೆ ದೂರು ಹೇಳಿ. ಆದರೆ ಮೂಳೆಗೂ ನರಕ್ಕೂ 15 ದಿನ ಯಾವ ಮೂಲೆಗೆ? ಮುಂದಿನ ತಿಂಗಳುಗಳಿಗೆ ನಮಗಿರುವುದು ತಾಲ್ಲೂಕು ಆಸ್ಪತ್ರೆ.

ಅಲ್ಲಿ 'ಫಿಸಿಯೋ ಇಲ್ಲ' ಎಂದು ಹೇಳಿ ಕಳಿಸಿದರೆ ಸುಮ್ಮನೆ ಬರಬೇಡಿ. ಆಪರೇಷನ್ನಿನ ನಂತರ ಅಂಗ ಊನವಾಗಿ ಉಳಿದವರಿಗೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಇದೆ. ಅದರ 25ನೇ ಸೆಕ್ಷನ್ ಹತ್ತಿರದಲ್ಲೇ, ಅದರಲ್ಲೂ ಹಳ್ಳಿಗಾಡಿನಲ್ಲಿ, ಉಚಿತ ಆರೋಗ್ಯ ಸೇವೆಯ ಮಾತಾಡುತ್ತದೆ. ಆದಾಯ ಮಿತಿಯನ್ನು ಸರ್ಕಾರ ನಿಗದಿಪಡಿಸಬಹುದು. 27ನೇ ಸೆಕ್ಷನ್ ಪುನರ್ವಸತಿಯನ್ನು ಸರ್ಕಾರದ ಹೊಣೆಯಾಗಿಸುತ್ತದೆ, ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಎಂಬ ಷರತ್ತಿನೊಂದಿಗೆ. ಈ ಎರಡನ್ನೂ ಹೆಸರಿಸಿ ಆಡಳಿತ ವೈದ್ಯಾಧಿಕಾರಿಗೆ ಅರ್ಜಿ ಕೊಡಿ, ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದಲ್ಲಿ ಕೇಳಿ: ಫಿಸಿಯೋ ಹುದ್ದೆ ಮಂಜೂರಾಗಿದೆಯೇ, ಖಾಲಿಯಿದೆಯೇ, ಎಂದಿನಿಂದ? 30 ದಿನದಲ್ಲಿ ಉತ್ತರ ಕೊಡಲೇಬೇಕು. ಬಿಪಿಎಲ್‌ನವರಿಗೆ ಶುಲ್ಕವಿಲ್ಲ.

ಊನ ಶೇ. 40ಕ್ಕಿಂತ ಕಡಿಮೆಯಿಲ್ಲ ಎಂದು ಪ್ರಮಾಣಪತ್ರ ಬಂದರೆ ಹಲವು ಸೌಲಭ್ಯಗಳಿಗೆ ದಾರಿ. ಸುಧಾರಿಸಬಹುದಾದ ಊನಕ್ಕೆ ತಾತ್ಕಾಲಿಕ ಪ್ರಮಾಣಪತ್ರವೂ ಸಿಗುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿಗೆ ಅರ್ಜಿ ಆನ್‌ಲೈನಿನಲ್ಲಿ. ಹಾಕಲು ಬಾರದವರಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅಂಗವಿಕಲರ ರಿಯಾಯಿತಿ ಬಸ್ ಪಾಸು ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯದು, ಮೊದಲು ಹೇಳಿದ ನಾಲ್ಕೂ ಪಟ್ಟಣದಿಂದ ಮೈಸೂರು ಅದರೊಳಗೇ ಬರುತ್ತದೆ. ಹೆಂಗಸರಿಗೆ 2023ರ ಜೂನ್ 11ರಿಂದ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯೇ ಇದೆ. ಸರ್ಕಾರಿ ನೌಕರಿಯಲ್ಲಿರುವಾಗ ಊನವಾದರೆ, 2016ರ ಅದೇ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ.

ರಸ್ತೆ ಅಪಘಾತದಿಂದ ಆಪರೇಷನ್ ಆದವರು ಫಿಸಿಯೋಥೆರಪಿ, ಆಟೊ, ನೋಡಿಕೊಳ್ಳುವವರ ಕೂಲಿ ಎಲ್ಲದರ ರಸೀದಿ ಇಟ್ಟುಕೊಳ್ಳಿ. ಪರಿಹಾರದಲ್ಲಿ ಮುಂದಿನ ಚಿಕಿತ್ಸೆಯ ಖರ್ಚೂ ಸೇರುತ್ತದೆ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ (2010) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಂಗದ ಊನ ಶೇಕಡಾ ಎಷ್ಟು ಎಂಬುದಷ್ಟೇ ಅಲ್ಲ, ಆ ಊನ ದುಡಿಮೆಯನ್ನು ಎಷ್ಟು ಕಿತ್ತುಕೊಂಡಿದೆ ಎಂದು ನೋಡಬೇಕು ಎಂದಿದೆ. ಭುಜ ಮೇಲೇಳದ ಗುಮಾಸ್ತ ಹೇಗೋ ಕೆಲಸ ಮುಂದುವರಿಸಿಯಾನು. ಹೊಗೆಸೊಪ್ಪು ಕಟ್ಟಿದ ಕಡ್ಡಿಗಳನ್ನು ಒಣಗಿಸುವ ಬ್ಯಾರನ್ನಿನ ಮೇಲಂತಸ್ತಿಗೆ ಏರಿಸುವವನ ಬದುಕೇ ನಿಲ್ಲುತ್ತದೆ. ಇದನ್ನು ಸಾಕ್ಷ್ಯದಲ್ಲಿ ಬಿಡಿಸಿ ಹೇಳಿಸಬೇಕು. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ 6 ತಿಂಗಳ ಗಡುವು ಇದೆ, ಹಾಗಾಗಿ ಗಾಯ ಮಾಯಲಿ ಎಂದು ಕಾಯಬೇಡಿ.

ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದ್ದರೆ ಎರಡು ವರ್ಷದೊಳಗೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆಸ್ಪತ್ರೆ ಬೆಂಗಳೂರಿನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ವಕೀಲರ ಫೀಸಿಗೆ ಹೆದರಬೇಡಿ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಹೆಂಗಸರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು. ಹಾಗಾಗಿ ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರು, ನಾಗಾಪುರದ ಗಿರಿಜನ ಪುನರ್ವಸತಿ ಕೇಂದ್ರದವರು ಆದಾಯ ಪ್ರಮಾಣಪತ್ರಕ್ಕೆ ಅಲೆಯಬೇಕಿಲ್ಲ. ಹೋಗುವಾಗ ಆಧಾರ್, ಜಾತಿ ಪ್ರಮಾಣಪತ್ರ, ರಸೀದಿಗಳು, ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಚೀಟಿಯ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.