ಪೂರ್ತಿ ನೀರು ಚೆಲ್ಲಬೇಡ

ಮೀನುಗಳನ್ನು ಬಕೆಟ್ಟಿಗೆ ಹಾಕುವುದು, ತೊಟ್ಟಿಯ ನೀರನ್ನೆಲ್ಲ ಚೆಲ್ಲುವುದು, ಕಲ್ಲು ಮರಳನ್ನು ಸೋಪಿನಲ್ಲಿ ಉಜ್ಜಿ ತೊಳೆದು ಹೊಸ ನೀರು ತುಂಬುವುದು: ಮೀನು ತೊಟ್ಟಿ ತೊಳೆಯುವುದೆಂದರೆ ನಮ್ಮ ಮನೆಗಳಲ್ಲಿ ಇದೇ. ಈ ಪದ್ಧತಿಯನ್ನು ಇವತ್ತೇ ಬಿಟ್ಟುಬಿಡು ಮಗು. ಪ್ರೀತಿಯಿಂದಲೇ ಮಾಡುತ್ತೀಯ, ಗೊತ್ತು. ಮೀನು ಸಾಯುವುದು ಮಾತ್ರ ಅದರಿಂದಲೇ.

ಮೀನಿನ ಕಿವಿರಿನಿಂದ ಸದಾ ಅಮೋನಿಯ ಹೊರಬರುತ್ತಿರುತ್ತದೆ. ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆಯೇ ಮೀನಿಗೆ ನೆಮ್ಮದಿ. ಈ ಜೀವಿಗಳು ಹೆಚ್ಚಾಗಿ ಮರಳು, ಕಲ್ಲು, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡಿರುತ್ತವೆ. ಹೊಸ ತೊಟ್ಟಿಯಲ್ಲಿ ನೆಲೆಯೂರಲು ಅವಕ್ಕೆ ನಾಲ್ಕರಿಂದ ಆರು ವಾರ ಬೇಕು. ನೀನು ಸೋಪು ಹಾಕಿ ಉಜ್ಜಿದರೆ ಒಂದೇ ಗಳಿಗೆಯಲ್ಲಿ ಅಷ್ಟೂ ಹೋಯಿತು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡು. ನಲ್ಲಿಯ ಕೆಳಗೆ ಹಿಡಿಯಬೇಡ.

ಕೊನೆಗೆ ಉಳಿಯುವ ನೈಟ್ರೇಟನ್ನು ಗಿಡಗಳು ಸ್ವಲ್ಪ ಹೀರುತ್ತವೆ. ಮಿಕ್ಕದ್ದು ಹೊರಹೋಗಲು ನಿನ್ನ ಕೈಯೇ ದಾರಿ. 60 ಲೀಟರಿನ ತೊಟ್ಟಿಯಾದರೆ ವಾರಕ್ಕೆ 15 ಲೀಟರ್ ತೆಗೆ, ಅಷ್ಟೇ ಹಾಕು. ನೀರು ತಿಳಿಯಾಗಿದೆಯಲ್ಲ ಎಂದು ಮುಂದೂಡಬೇಡ. ಅಮೋನಿಯವಾಗಲಿ ನೈಟ್ರೇಟಾಗಲಿ ಕಣ್ಣಿಗೆ ಕಾಣುವುದಿಲ್ಲ.

ತಿಂಗಳುಗಟ್ಟಲೆ ಬಿಟ್ಟು ಒಮ್ಮೆಲೇ ಬದಲಿಸಿದರೆ ಏನಾಗುತ್ತದೆಂದು ಸರಿಯಾಗಿ ತಿಳಿದುಕೋ. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ನೀರಿನ ಕ್ಷಾರ ಕರಗುತ್ತಾ ಆಮ್ಲ ಏರುತ್ತದೆ. ಆಮ್ಲ ಹೆಚ್ಚಾದಾಗ ಬ್ಯಾಕ್ಟೀರಿಯಾ ಮಂಕಾಗುತ್ತವೆ, ಅಮೋನಿಯ ಉಳಿದುಬಿಡುತ್ತದೆ. ಆದರೆ ಆಮ್ಲದಲ್ಲಿ ಅದು ಅಮೋನಿಯಂ ರೂಪದಲ್ಲಿ ಇರುವುದರಿಂದ ಮೀನು ಹೇಗೋ ತಡೆದುಕೊಂಡಿರುತ್ತದೆ. ಅಲ್ಲಿಗೆ ಬೋರ್‌ವೆಲ್ಲಿನ ಗಡಸು ನೀರು ಒಮ್ಮೆಗೇ ಸುರಿದೆಯೆನ್ನು, ಆಮ್ಲ ಇಳಿದು ಅಮೋನಿಯಂ ಮತ್ತೆ ಅಮೋನಿಯವಾಗಿ ತಿರುಗುತ್ತದೆ. ಸಂಜೆಯೊಳಗೆ ಮೀನು ಮೇಲೆ ತೇಲಬಹುದು. ಅಂಥ ಹಳೆಯ ತೊಟ್ಟಿ ಕೈಗೆ ಬಂದರೆ ಎರಡು ಮೂರು ದಿನಕ್ಕೊಮ್ಮೆ ಹತ್ತನೇ ಒಂದು ಪಾಲು ಮಾತ್ರ ಬದಲಿಸುತ್ತಾ ನಿಧಾನವಾಗಿ ದಾರಿಗೆ ತಾ.

ಹಾಕುವ ನೀರಿನ ಮೂಲ ಗೊತ್ತಿರಲಿ. ಬೆಂಗಳೂರಿನಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಕಿವಿರನ್ನು ಸುಡುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಕ್ಲೋರಮಿನ್ ಇದ್ದರೆ ಹಾಗೆ ಹಾರುವುದಿಲ್ಲ, ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿ ಬೇಕು. ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ಆ ನೀರನ್ನು ಮುಟ್ಟಲೇಬೇಡ. ಆರ್‌ಒ ನೀರೊಂದನ್ನೇ ತುಂಬುವುದೂ ಬೇಡ, ಮೀನಿಗೆ ಬೇಕಾದ ಲವಣಗಳು ಅದರಲ್ಲಿ ಇರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರು ಕೈ ಸುಡುವಂತಿರುತ್ತದೆ; ಬೆಳಗ್ಗೆಯೇ ಹಿಡಿದಿಡು, ತೊಟ್ಟಿಯ ನೀರಿನಷ್ಟೇ ಬೆಚ್ಚಗಾದ ಮೇಲೆ ಹಾಕು.

ಕೆಲಸ ಶುರುಮಾಡುವ ಮುನ್ನ ಹೀಟರ್, ಫಿಲ್ಟರಿನ ಪ್ಲಗ್ ಕೀಳು. ಪೈಪಿನಲ್ಲಿ ನೀರು ತುಂಬಿಸಿಯೇ ಇಳಿಬಿಡು, ಬಾಯಿಂದ ಎಳೆಯಬೇಡ. ಮರಳಿಗೆ ಚುಚ್ಚಿ ಚುಚ್ಚಿ ಕೊಳೆ ತೆಗೆ. ತೆಗೆದ ನೀರನ್ನು ಕರಿಬೇವಿನ ಬುಡಕ್ಕೆ ಹೊಯ್ಯಿ, ನೈಟ್ರೇಟ್ ಅದಕ್ಕೆ ಗೊಬ್ಬರ. ಮೀನಿಗೆ ಔಷಧಿಯನ್ನೋ ಉಪ್ಪನ್ನೋ ಹಾಕಿದ್ದರೆ ಮಾತ್ರ ಗಿಡಕ್ಕೆ ಬೇಡ.

ಊರಿಗೆ ಹೊರಡುವ ದಿನದ ಗಡಿಬಿಡಿಯಲ್ಲಿ ನೀರು ಬದಲಿಸಬೇಡ; ಎರಡು ದಿನ ಮುಂಚೆ ಕಾಲುಭಾಗ ಬದಲಿಸಿ, ಮೀನುಗಳು ಎಂದಿನಂತೆ ಓಡಾಡುವುದನ್ನು ನೋಡಿಕೊಂಡು ಹೊರಡು. ಆರೋಗ್ಯವಾಗಿರುವ ದೊಡ್ಡ ಮೀನು ನಾಲ್ಕೈದು ದಿನ ಆಹಾರವಿಲ್ಲದೆ ಇರಬಲ್ಲದು. ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬಿಯನ್ನು ಕೊಡಬೇಡ. ಕೊಡಲೇಬೇಕಾದರೆ ಒಂದೊಂದು ದಿನದ್ದನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಡು.