ಮೊದಲ ಹೊಲಿಗೆಗೆ ರವಿಕೆ ಬೇಡ, ಒಳಲಂಗ ಹೊಲಿಯಿರಿ

ಹೊಲಿಗೆ ಯಂತ್ರ ಮನೆಗೆ ಬಂದ ಕೂಡಲೇ ರವಿಕೆಗೆ ಕೈ ಹಾಕುವವರೇ ಹೆಚ್ಚು. ಟಕ್ಸು, ತೋಳು, ಕತ್ತು, ಹುಕ್ಕಿನ ಪಟ್ಟಿ ಎಲ್ಲ ಕಷ್ಟಗಳೂ ಅದರಲ್ಲಿ ಒಟ್ಟಿಗೇ ಎದುರಾಗುತ್ತವೆ. ಬಟ್ಟೆ ಹಾಳಾಗುತ್ತದೆ, ಕಲಿಯುವ ಉತ್ಸಾಹವೂ ಕುಗ್ಗುತ್ತದೆ. ಮೊದಲು ಒಳಲಂಗ ಹೊಲಿಯಿರಿ. ಅದರಲ್ಲಿ ಬಹುಪಾಲು ನೇರ ಹೊಲಿಗೆ; ಒಂದೆರಡು ನೂಲು ಸೊಟ್ಟಗಾದರೂ ಸೀರೆಯೊಳಗೆ ಯಾರಿಗೂ ಕಾಣದು.

ನಲ್ಲೂರು, ಚನ್ನಗಿರಿ ಸೀಮೆಯ ಹೆಂಗಸರಿಗೆ ಇದರಿಂದ ಇನ್ನೊಂದು ಲಾಭವಿದೆ. ಅಡಿಕೆ ಸುಲಿಯುವ ಕಾಲದಲ್ಲಿ ಇಡೀ ದಿನ ಕೂತೇ ಇರಬೇಕು. ಘೇರು, ಅಂದರೆ ಕೆಳಗಿನ ಸುತ್ತಳತೆ, ಕಡಿಮೆ ಇರುವ ಸಿದ್ಧ ಲಂಗ ಮಂಡಿಯ ಬಳಿ ಬಿಗಿಯುತ್ತದೆ, ಸೊಂಟದ ಸೀಳಿನ ಕೆಳಗೆ ಹರಿಯುತ್ತದೆ. ನಾವೇ ಹೊಲಿದರೆ ಘೇರು ನಮ್ಮ ಕೈಯಲ್ಲೇ ಇರುತ್ತದೆ.

36 ಇಂಚು ಪನ್ನದ, ಒಂದೇ ಬಣ್ಣದ ಹತ್ತಿ ಪಾಪ್ಲಿನ್ ಎರಡೂವರೆ ಮೀಟರ್ ಬೇಕು. ಹೂವಿನ ಅಚ್ಚಿನದು ಬೇಡ, ಏಕೆಂದರೆ ಕತ್ತರಿಸಿದಾಗ ಅರ್ಧ ತುಂಡುಗಳಲ್ಲಿ ಹೂವು ತಲೆಕೆಳಗಾಗುತ್ತದೆ. ಅದೇ ಬಣ್ಣದ ನೂಲು, 2 ಮೀಟರ್ ಲಾಡಿ, 14ನೇ ನಂಬರಿನ ಸೂಜಿ, ಟೇಪು, ಚಾಕ್, ಹರಿತ ಕತ್ತರಿ ಇದ್ದರೆ ಸಾಕು. ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುವುದರಿಂದ ಈ ಕೆಲಸ ಬಿಟ್ಟರೆ ಲಂಗ ಮುಂದೆ ಗಿಡ್ಡವಾಗುತ್ತದೆ.

ಇನ್ನು ಕತ್ತರಿಸುವುದು. ಅವಸರ ಮಾಡಬಾರದ ಜಾಗ ಇದೇ. ಸೀಟಿನ ಸುತ್ತಳತೆಗೆ 4 ಇಂಚು ಕೂಡಿಸಿ, ನಾಲ್ಕರಿಂದ ಭಾಗಿಸಿ, ಹೊಲಿಗೆಗೆಂದು 1 ಇಂಚು ಸೇರಿಸಿ. ಸುತ್ತಳತೆ 40 ಇಂಚಾದರೆ ಉತ್ತರ 12. ಲಂಗದ ಉದ್ದ 38 ಇಂಚು ಬೇಕೆಂದುಕೊಳ್ಳೋಣ. ಲಾಡಿ ಪೋಣಿಸುವ ಮೇಲಿನ ಪಟ್ಟಿಯೇ 2 ಇಂಚು ಕೊಡುತ್ತದೆ. ಉಳಿದ 36ಕ್ಕೆ ಮೇಲಿನ ಹೊಲಿಗೆ ಮತ್ತು ಕೆಳಗಿನ ಮಡಿಕೆಗೆಂದು 2 ಕೂಡಿಸಿ, 38 ಇಂಚಿನ ಎರಡು ತುಂಡು ಕತ್ತರಿಸಿ. ಪ್ರತಿ ತುಂಡನ್ನು ಹಾಸಿ, ಮೇಲಂಚಿನಲ್ಲಿ ಎಡದಿಂದ 12 ಇಂಚಿಗೆ, ಕೆಳಂಚಿನಲ್ಲಿ ಬಲದಿಂದ 12 ಇಂಚಿಗೆ ಗುರುತು ಹಾಕಿ. ಎರಡು ಗುರುತುಗಳನ್ನು ಓರೆ ಗೆರೆಯಿಂದ ಸೇರಿಸಿ ಕತ್ತರಿಸಿ. ಒಂದು ತುಂಡನ್ನು ತಿರುಗಿಸಿ ಇಟ್ಟರೆ ಮೇಲೆ ಕಿರಿದು, ಕೆಳಗೆ ಅಗಲವಾದ ಎರಡು ಭಾಗ ಸಿಗುತ್ತವೆ. ಹೀಗೆ ಒಟ್ಟು ನಾಲ್ಕು. ಉಳಿದ ಬಟ್ಟೆಯಲ್ಲಿ 5 ಇಂಚು ಅಗಲದ ಎರಡು ಪಟ್ಟಿ ಕತ್ತರಿಸಿಕೊಳ್ಳಿ.

ಕಾಲಿನ ಯಂತ್ರ ನಿಮಗೆ ಹೊಸದಾದರೆ, ನೂಲಿಲ್ಲದೆ ಹಳೆಯ ಪೇಪರಿನ ಮೇಲೆ ನೇರ ಗೆರೆ ಹೊಲಿದು ಅಭ್ಯಾಸ ಮಾಡಿ. ಮೇಲಿನ ಗಾಲಿ ಸದಾ ನಿಮ್ಮ ಕಡೆಗೇ ತಿರುಗಬೇಕು. ಹಿಂದಕ್ಕೆ ಹೋದರೆ ನೂಲು ಕಡಿಯುತ್ತದೆ. ಬಟ್ಟೆಯಡಿ ನೂಲು ಗಂಟುಗಂಟಾದರೆ ಮೇಲಿನ ನೂಲಿನ ಬಿಗಿ ಸಾಲದು ಎಂದರ್ಥ.

ಜೋಡಿಸುವಾಗ ಒಂದು ನಿಯಮ ಮರೆಯಬೇಡಿ: ಒಂದು ಭಾಗದ ನೇರ ಅಂಚಿಗೆ ಇನ್ನೊಂದರ ಓರೆ ಅಂಚು ಸೇರಬೇಕು. ಓರೆಗೆ ಓರೆ ಸೇರಿಸಿದರೆ ಬಟ್ಟೆ ಜಗ್ಗಿ ಲಂಗ ಅಂಕುಡೊಂಕಾಗುತ್ತದೆ. ಮೇಲಿನಿಂದ ಕೆಳಕ್ಕೆ, ಅರ್ಧ ಇಂಚು ಬಿಟ್ಟು ಹೊಲಿಯಿರಿ. ಓರೆ ಅಂಚು ಕೆಳಗೆ ಸ್ವಲ್ಪ ಹೆಚ್ಚಾಗುತ್ತದೆ, ಅದು ಸರಿಯೇ. ನಾಲ್ಕನೆಯ ಜೋಡಣೆಯಲ್ಲಿ ಮೇಲೆ 5 ಇಂಚು ಸೀಳು ಬಿಟ್ಟು, ಅದರ ಅಂಚುಗಳನ್ನು ಮಡಚಿ ಹೊಲಿಯಿರಿ. ಸೀಳು ಮುಗಿಯುವಲ್ಲಿ ಹಿಂದೆ ಮುಂದೆ ಮೂರು ಸಲ ಹೊಲಿಗೆ ಹಾಕಿ. ಲಂಗ ಹರಿಯುವುದು ಅಲ್ಲಿಯೇ.

ಪಟ್ಟಿಗಳನ್ನು ಜೋಡಿಸಿ, ಲಂಗದ ಮೇಲಂಚಿನ ಅಳತೆಗಿಂತ 1 ಇಂಚು ಹೆಚ್ಚಿಗೆ ಇಟ್ಟು ಕತ್ತರಿಸಿ. ಎರಡೂ ತುದಿ ಅರ್ಧರ್ಧ ಇಂಚು ಮಡಚಿ ಹೊಲಿಯಿರಿ. ಪಟ್ಟಿಯ ಒಂದು ಅಂಚನ್ನು ಲಂಗದ ಒಳಬದಿಗೆ ಇಟ್ಟು ಹೊಲಿದು, ಹೊರಕ್ಕೆ ಮಡಚಿ, ಇನ್ನೊಂದು ಅಂಚನ್ನು ಒಳತೂರಿಸಿ ಮೇಲಿನಿಂದ ಹೊಲಿಯಿರಿ. ತುದಿಗಳು ತೆರೆದೇ ಇರಲಿ. ಪಿನ್ನಿಗೆ ಲಾಡಿ ಸಿಕ್ಕಿಸಿ ಪೋಣಿಸಬೇಕಲ್ಲ.

ಕೆಳಗಿನ ಮಡಿಕೆ ಅದೇ ದಿನ ಬೇಡ. ಲಂಗವನ್ನು ಸೊಂಟದ ಕಡೆಯಿಂದ ಒಂದು ರಾತ್ರಿ ನೇತುಹಾಕಿ. ಓರೆ ಬಟ್ಟೆ ಇಳಿಯುವಷ್ಟು ಇಳಿದ ಮೇಲೆ, ಉದ್ದ ಸಮ ಮಾಡಿ ಕತ್ತರಿಸಿ, ಮೊದಲು ಅರ್ಧ ಇಂಚು, ಮತ್ತೆ ಒಂದು ಇಂಚು ಮಡಚಿ ಹೊಲಿಯಿರಿ.

ಯಂತ್ರವಿಲ್ಲದವರೂ ಹಿಂದೆ ಬೀಳಬೇಕಿಲ್ಲ. ನ್ಯಾಮತಿಯ ಸೂರಗೊಂಡನಕೊಪ್ಪ ಲಂಬಾಣಿ ಸಮುದಾಯದ ಪುಣ್ಯಕ್ಷೇತ್ರ; ಆ ಸಮುದಾಯದ ಹೆಂಗಸರ ಕನ್ನಡಿ ಕಸೂತಿ ಸೂಜಿ ಹಿಡಿದ ಕೈಯಿಂದಲೇ ಮೂಡಿದ್ದು. ಈ ಲಂಗವನ್ನೂ ಕೈಯಲ್ಲಿ ಹಿಂಹೊಲಿಗೆ ಹಾಕಿ ಮುಗಿಸಬಹುದು, ಸಮಯ ಮಾತ್ರ ಹೆಚ್ಚು ಬೇಕು.

ಕೈ ಪಳಗಿ ಹೊಲಿಗೆಯನ್ನೇ ಕಸುಬಾಗಿ ಹಿಡಿದವರಿಗೆ 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. ಅದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಅದರಲ್ಲಿದೆ. ಅರ್ಜಿ ಹಾಕುವ ಮುನ್ನ ಸಾಮಾನ್ಯ ಸೇವಾ ಕೇಂದ್ರದಲ್ಲಿ ಈಗಿನ ನಿಯಮಗಳನ್ನು ಕೇಳಿ ತಿಳಿದುಕೊಳ್ಳಿ.